ಸೆಣಬಿಗೆ ಕುಬಸ

...ಅಥವಾ ಆ ಚೀಲ ಹಳದಿ ಇರಲೇ ಇಲ್ಲ, ಬಿಳಿಯದೇ ಇತ್ತೇನೋ. ಚೀಲದ ಬಣ್ಣದಿಂದಲೇ ನನ್ನ ನೆನಪು ತಕರಾರು ತೆಗೆಯುತ್ತದೆ. ನವಲಗುಂದದ ಬಸ್ ಸ್ಟ್ಯಾಂಡಿನಲ್ಲಿ ಬೀಜದ ಚೀಲವನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು ಊರಿನ ಬಸ್ಸಿಗೆ ಕಾಯುತ್ತಿರುವ ನಾನು: ಹೀಗೊಂದು ಚಿತ್ರ ತಲೆಯಲ್ಲಿದೆ. ಆದರೆ ಅದರಲ್ಲಿ ನನ್ನ ಮುಖ ಎದುರಿನಿಂದ ಕಾಣುತ್ತದೆ. ನಿಜವಾಗಿ ನಡೆದದ್ದಾದರೆ ನನಗೆ ಕಾಣಬೇಕಾದದ್ದು ಚೀಲ ಮತ್ತು ನನ್ನ ಚಪ್ಪಲಿ, ಮುಖವಲ್ಲ. ಹಾಗಾಗಿ ಯಾರೋ ಹೇಳಿದ್ದನ್ನು ಕೇಳಿ ನಾನೇ ಆಮೇಲೆ ಬಿಡಿಸಿಕೊಂಡ ಚಿತ್ರ ಇದು ಎಂಬ ಗುಮಾನಿ.

ಚೀಲ ಊರಿಗೆ ಬಂದ ಬಗ್ಗೆ ನಮ್ಮ ಮನೆಯಲ್ಲಿ ಮೂರು ಕತೆಗಳಿವೆ. ದೊಡ್ಡವ್ವನ ಪ್ರಕಾರ, ಹುಬ್ಬಳ್ಳಿಯಲ್ಲಿ ನೌಕರಿ ಮಾಡುವ ನಾನು ಏನೋ ಓದಿ ತಲೆ ಕೆಡಿಸಿಕೊಂಡು, ಯಾರೂ ಕೇಳದೆಯೇ ಹೊತ್ತು ತಂದೆ. ನನ್ನ ಪ್ರಕಾರ, ಆಕೆಯೇ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ, "ಬರೂವಾಗ ಸೆಣಬಿನ ಬೀಜ ತಗೊಂಡ ಬಾ, ನಿಮ್ಮ ಕಾಕಾಗ ಹೇಳಬ್ಯಾಡ" ಎಂದಿದ್ದಳು. ಕಾಕಾನ ಪ್ರಕಾರ, ಅಂಗಡಿಯವನು ಹೆಸರುಕಾಳಿನ ಬೀಜ ಕೊಡುವ ಬದಲು ತಪ್ಪಿ ಸೆಣಬು ಕೊಟ್ಟ. ಮರಳಿ ಹೋಗಿ ಬದಲಾಯಿಸಲು ಬೇಸರವಾಗಿ ನಾನೂ ದೊಡ್ಡವ್ವನೂ ಸೇರಿ ಅದಕ್ಕೊಂದು ವಿಜ್ಞಾನ ಹುಟ್ಟಿಸಿದೆವು. ಮೂರರಲ್ಲಿ ಕಾಕಾನ ಕತೆಯೇ ಚೆನ್ನಾಗಿದೆ. ಅದಕ್ಕೇ ನಾನು ಅದನ್ನು ನಂಬುವುದಿಲ್ಲ.

ದೊಡ್ಡವ್ವ ನಮ್ಮಪ್ಪನ ಅಣ್ಣನ ಹೆಂಡತಿ. ಕಾಕಾ ನಮ್ಮಪ್ಪನ ತಮ್ಮ. ದೊಡ್ಡಪ್ಪ ಹೋದ ಮೇಲೆ ದೊಡ್ಡವ್ವ ತನ್ನ ಪಾಲಿಗೆ ಬಂದ ಎರೆ ಹೊಲವನ್ನು ತಾನೇ ಮುಂದೆ ನಿಂತು ಮಾಡಿಸುತ್ತ ಬಂದವಳು. ಬಾಜೂಕೇ ಕಾಕಾನ ಹೊಲ, ನಡುವೆ ಒಂದು ಬದು. ಬದುವಿನ ಮೇಲೆ ನಿಂತು ಇಬ್ಬರೂ ಒಬ್ಬರ ಬೆಳೆಯನ್ನು ಒಬ್ಬರು ಹೀಗಳೆಯುವುದು ನಮ್ಮ ಮನೆಯ ಹಳೆಯ ಮನರಂಜನೆ. ಆದರೆ ನಾಲ್ಕಾರು ವರ್ಷಗಳಿಂದ ದೊಡ್ಡವ್ವನ ಹೊಲ ಕಾಕಾನಿಗೆ ಬಹಳ ಸುಲಭವಾಗಿ ಗೆಲುವು ಬಿಟ್ಟುಕೊಟ್ಟಿತ್ತು. ದನ ಮಾರಿಯಾಗಿತ್ತು, ತಿಪ್ಪೆಗುಂಡಿಯಲ್ಲಿ ಗೊಬ್ಬರ ಬೀಳುವುದು ನಿಂತಿತ್ತು. ವರ್ಷ ವರ್ಷ ಹತ್ತಿ ಹಾಕಿ ಹಾಕಿ ಮಣ್ಣು ಹೆಂಟೆ ಹೆಂಟೆಯಾಗಿ ಎದ್ದು, ಕಾಲಲ್ಲಿ ಒದ್ದರೆ ಕಾಲಿಗೇ ನೋವಾಗುತ್ತಿತ್ತು. ಹಿಂದಿನ ಹಿಂಗಾರಿಯಲ್ಲಿ ಬಿತ್ತಿದ ಕಡಲೆ ಗೇಣುದ್ದ ಬೆಳೆದು, ಮುನಿಸಿಕೊಂಡವರ ಹಾಗೆ ಹಳದಿಯಾಗಿ ನಿಂತುಬಿಟ್ಟಿತ್ತು.

ಆಗ ಕಟ್ಟೆಯ ಮೇಲೆ ನಡೆದ ಮಾತು ಮಾತ್ರ ನನಗೆ ಸರಿಯಾಗಿ ನೆನಪಿದೆ. ಸರಿಯಾಗಿ ಎಂದರೆ, ಕಾಕಾನೂ ದೊಡ್ಡವ್ವನೂ ಇವತ್ತಿಗೂ ಅದನ್ನು ಒಂದೇ ಥರ ಹೇಳುತ್ತಾರೆ. ಅವರಿಬ್ಬರೂ ಒಪ್ಪುವ ಏಕೈಕ ಸಂಗತಿ ಅದು.

"ವೈನಿ, ಸಾಕ ಮಾಡ್ರಿ ಇನ್ನ," ಅಂದ ಕಾಕಾ. "ಹೊಲಾ ನನ್ನ ಕೈಯಾಗ ಕೊಡ್ರಿ. ನೀವು ಕಟ್ಟಿ ಮ್ಯಾಲ ಕುಂತು ಚಾ ಕುಡ್ಕೋತ ಹುಕುಂ ಮಾಡ್ರಿ."

"ಹೊಲಾ ನಿನ್ನ ಕೈಯಾಗ ಕೊಟ್ಟ ಮ್ಯಾಲ ಹುಕುಂ ಯಾರಿಗಿ ಮಾಡ್ಲಿ? ಬೆಕ್ಕಿಗೇನು?"

"ಹಂಗಲ್ರಿ, ನೆಲಾ ಸತ್ತೈತ್ರಿ ಅದು."

"ಸತ್ತೈತೋ ಮಲಗೇತೋ ನೋಡೂಣು," ಎಂದು ದೊಡ್ಡವ್ವ ಸೆರಗು ಸರಿಪಡಿಸಿಕೊಂಡಳು. "ಈ ಹಿಂಗಾರಿಗಿ ಕಡ್ಲಿ ಬರಲಿಲ್ಲಂದ್ರ ಹೊಲಾ ನೀನ ಮಾಡ್ಕೊ. ಬಂತಂದ್ರ ಮಾತ್ರ, ಮತ್ತ ಈ ಮಾತ ನನ್ನ ಮುಂದ ತಗೀಬಾರ್ದು ನೋಡ."

ಕಾಕಾ ಕೆಟ್ಟವನಲ್ಲ. ಅವನಿಗೆ ನಿಜವಾಗಿಯೂ ಅತ್ತಿಗೆಯ ಮೊಣಕಾಲು ನೋವಿನ ಚಿಂತೆ ಇತ್ತು. ಹೊಲದ ಮೇಲೂ ಸ್ವಲ್ಪ ಕಣ್ಣಿತ್ತು. ಎರಡೂ ಒಬ್ಬನಲ್ಲೇ ಇರಬಾರದು ಎಂದೇನಿಲ್ಲ. ದೊಡ್ಡವ್ವನಿಗೆ ಮಾತ್ರ ಇದು ಮೊಣಕಾಲಿನ ಪ್ರಶ್ನೆಯಾಗಿರಲಿಲ್ಲ. ಊರಲ್ಲಿ ಆಕೆಯನ್ನು ಯಾರಾದರೂ ಕೇಳುವುದಿದ್ದರೆ "ಏನ್ ಬಿತ್ತೀರಿ ಈ ಸಲ" ಎಂದು ಕೇಳುತ್ತಿದ್ದರು. ಹೊಲ ಕೊಟ್ಟರೆ "ಆರಾಮ ಇದ್ದೀರೇನ್ರಿ" ಎಂದು ಕೇಳಲು ಶುರು ಮಾಡುತ್ತಾರೆ. ಹಾಗೆ ಕೇಳಿಸಿಕೊಳ್ಳುವ ಮನಸ್ಸು ಆಕೆಗಿರಲಿಲ್ಲ.

ಅಂತೂ ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಕಾಕಾ ತನ್ನ ಹೊಲಕ್ಕೆ ಹೆಸರು ಬಿತ್ತಿದ, ದೊಡ್ಡವ್ವ ತನ್ನ ಹೊಲಕ್ಕೆ ಸೆಣಬು ಉಗ್ಗಿದಳು. ವಿಷಯ ಸರಳ. ಸೆಣಬು ಬೇಳೆಕಾಳಿನ ಕುಲದ್ದು. ಗಾಳಿಯಲ್ಲಿರುವ ಸಾರವನ್ನು ಹಿಡಿದು ಬೇರಿನ ಗಂಟುಗಳಲ್ಲಿ ಕೂಡಿಡುತ್ತದೆ. ಹೂ ಬಿಡುವ ಹೊತ್ತಿಗೆ ಗಿಡ ಮೆತ್ತಗಿರುವಾಗಲೇ ಮಣ್ಣಿಗೆ ಮಗುಚಿಬಿಟ್ಟರೆ ಕೊಳೆತು ಗೊಬ್ಬರವಾಗುತ್ತದೆ, ಮಣ್ಣು ಸಡಿಲಾಗುತ್ತದೆ, ಹಿಂಗಾರಿಗೆ ಕಡಲೆ ಬಿತ್ತಬಹುದು. ಹಸಿರೆಲೆ ಗೊಬ್ಬರ ಎಂದು ಇದಕ್ಕೆ ಹೆಸರು. ಇದನ್ನು ನಾನು ನಾಲ್ಕು ಮಾತಲ್ಲಿ ಹೇಳಿದೆ. ಊರಿಗೆ ಅರ್ಥವಾಗಲು ನಾಲ್ಕು ವಾರವೂ ಸಾಲಲಿಲ್ಲ.

"ತಿನ್ನಾಕ ಬರತೈತೇನ್ರಿ?" ಎಂದು ಪಕ್ಕದ ಮನೆಯವಳು ದೊಡ್ಡವ್ವನನ್ನು ಕೇಳಿದಳು.

"ಇಲ್ಲವ್ವಾ."

"ಮಾರಾಕ?"

"ಇಲ್ಲ."

"ಹಗ್ಗಾ ಹೊಸಿಯಾಕ ಮಾಡೀರಿ, ಹೌದಿಲ್ರಿ?"

"ಹಗ್ಗಾನೂ ಅಲ್ಲ. ಹೂಳಾಕ."

ಆ ಹೆಂಗಸು ಗಲ್ಲಕ್ಕೆ ಕೈ ಹಚ್ಚಿದಳು. "ಹೂಳಾಕ ಬಿತ್ತೂದು ನಾ ಇವತ್ತ ಕೇಳಿದ್ನಿ ನೋಡ್ರಿ. ಹೂಳೂದ ಇದ್ರ ಬೀಜಾನ ಹೂಳಿ ಸುಮ್ನ ಬಿಟ್ಟಿದ್ರ ಆಗ್ತಿತ್ತಲ್ಲ, ನಡುವ ಬೆಳಿಯೂ ಹೈರಾಣ ಯಾಕ ಅದಕ್ಕ?"

ಸೆಣಬು ಮಾತ್ರ ಹೈರಾಣಾಗಲಿಲ್ಲ. ಆ ಕಲ್ಲಿನಂಥ ಮಣ್ಣಿನಲ್ಲಿ ಅದು ಹೇಗೆ ಎದ್ದಿತು ಎಂದರೆ, ಕಾಕಾನ ಹೆಸರು ಬದುವಿನ ಆಚೆಯಿಂದ ಕತ್ತು ಎತ್ತಿ ನೋಡುವಂತಿತ್ತು. ಈ ಮಾತು ಉತ್ಪ್ರೇಕ್ಷೆ ಇರಬಹುದು. ಹೆಸರಿಗೆ ಕತ್ತು ಇಲ್ಲ. ಆದರೆ ಆ ತಿಂಗಳು ನಾನು ಭಾನುವಾರ ಭಾನುವಾರ ಊರಿಗೆ ಹೋಗುತ್ತಿದ್ದೆ, ಹೋದಾಗಲೆಲ್ಲ ಗಿಡ ಎದ್ದ ಹಾಗೆಲ್ಲ ಕಾಕಾನ ಮಾತು ತಗ್ಗಿದ್ದು ನಿಜ.

ಒಂದು ಭಾನುವಾರ ಅವನಿಗೆ ಮತ್ತೆ ಧೈರ್ಯ ಬಂತು. ಬದುವಿನಿಂದಲೇ ಕೂಗಿದ. "ವೈನಿ, ಬರ್ರಿ ಇಲ್ಲಿ! ನಿಮ್ಮ ಸೆಣಬಿಗಿ ರೋಗ ಬಂದೈತಿ!" ಅವನ ಕೈಯಲ್ಲಿ ಬೇರು ಸಮೇತ ಕಿತ್ತ ಒಂದು ಗಿಡ. ಬೇರಿನ ತುಂಬ ಸಾಬೂದಾನಿಯಂಥ ಗುಳ್ಳೆಗಳು.

ನಾನು ಓಡಿಹೋಗಿ ವಿವರಿಸಲು ಬಾಯಿ ತೆರೆದೆ. ಅದು ರೋಗವಲ್ಲ, ಸಾರ ಕೂಡಿಡುವ ಗಂಟು, ಒಡೆದು ನೋಡಿದರೆ ಒಳಗೆ ಗುಲಾಬಿ ಬಣ್ಣ ಇದ್ದರೆ ಕೆಲಸ ನಡೆದಿದೆ ಎಂದರ್ಥ, ಇತ್ಯಾದಿ. ದೊಡ್ಡವ್ವ ನನಗೆ ಕೈಸನ್ನೆ ಮಾಡಿ ಸುಮ್ಮನಿರಿಸಿದಳು. ಗಂಟೊಂದನ್ನು ಉಗುರಿನಿಂದ ಒಡೆದಳು. ಒಳಗೆ ಗುಲಾಬಿಯೇ ಇತ್ತು. ಬೇರನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ತೀರ್ಪು ಕೊಟ್ಟಳು.

"ರೋಗ ಅಲ್ಲೋ ತಮ್ಮಾ. ಬಸರಿಗಿ ಕಾಲ ಬಾಯ್ತಾವಲ್ಲ, ಅದು."

ಅಲ್ಲಿಗೆ ನನ್ನ ವಿಜ್ಞಾನ ಕೈತಪ್ಪಿತು. ಆ ಮಾತು ಹೇಳುವಾಗ ಆಕೆ ತಮಾಷೆ ಮಾಡುತ್ತಿದ್ದಳು ಎಂದೇ ನಾನು ಅಂದುಕೊಂಡಿದ್ದೆ. ತಮಾಷೆಯಾಗಿ ಶುರುವಾದದ್ದು ಎಲ್ಲಿ ತಮಾಷೆ ಬಿಟ್ಟಿತೋ ನಾನು ಗುರುತು ಹಾಕಿಕೊಳ್ಳಲಿಲ್ಲ.

ಮುಂದಿನ ಸಲ ಹೋದಾಗ ಸೆಣಬು ಹೂ ಬಿಟ್ಟಿತ್ತು. ಹೊಲಕ್ಕೆ ಹೊಲವೇ ಹಳದಿ. ನವಲಗುಂದದ ಜಮಖಾನ ನೇಯುವವರು ಹಳದಿ ನೂಲೊಂದನ್ನೇ ಹಿಡಿದು ಹಟಕ್ಕೆ ಕೂತಂತೆ. ಪುಸ್ತಕದ ಪ್ರಕಾರ ಅದೇ ಸರಿಯಾದ ಗಳಿಗೆ, ಆ ವಾರವೇ ಮಗುಚಬೇಕು. ಟ್ರ್ಯಾಕ್ಟರ್ ಇರುವ ಭಾಯಿಗೆ ನಾನೇ ಹೇಳಿ ಬಂದೆ. ಅವರು ನಮ್ಮ ಓಣಿಯ ಆಚೆ ತುದಿಯವರು. ಊರಿನ ಅರ್ಧ ಹೊಲ ಅವರ ಟ್ರ್ಯಾಕ್ಟರಿನಿಂದಲೇ ಆಗುವುದು, ದೊಡ್ಡಪ್ಪನ ಕಾಲದಿಂದ ದೊಡ್ಡವ್ವನನ್ನು ಅಕ್ಕಾ ಎಂದು ಕರೆದವರು. ಅವರು ಮನೆಗೆ ಬಂದು, "ಅಕ್ಕಾರ, ಯಾವಾಗ ಹಚ್ಚೂಣ್ರಿ?" ಎಂದರು.

"ಏನ ಹಚ್ಚೂದು?"

"ರೋಟರ್ ಅಕ್ಕಾರ, ಸೆಣಬಿಗೆ."

"ಹೂ ಬಿಟ್ಟ ಬೆಳೀಗಿ ಕಬ್ಬಿಣ ಹಚ್ತಾರೇನ್ರಿ ಭಾಯಿ? ಬಸರಿ ಐತಿ ಅದು."

ನಮ್ಮಲ್ಲಿ ಸೀಗಿ ಹುಣ್ಣಿಮೆಗೆ ಬೆಳೆ ಗಬ್ಬಾಗಿರುತ್ತದೆ ಎಂದು ಹೊಲಕ್ಕೆ ಬಯಕೆಯ ಅಡಿಗೆ ಒಯ್ದು, ಬುಟ್ಟಿಯಿಂದ ಬೆಳೆಯ ಮೇಲೆಲ್ಲ ಚೆಲ್ಲುತ್ತಾರೆ. ಚರಗ ಎನ್ನುತ್ತೇವೆ. ಬಸುರಿಯ ಬಾಯಿರುಚಿ ತೀರಿಸಿದಂತೆ ಅದು. ಇದು ದೊಡ್ಡವ್ವನಿಗೆ ಗೊತ್ತು, ಟ್ರ್ಯಾಕ್ಟರ್ ಭಾಯಿಗೂ ಗೊತ್ತು, ಆ ದಿನ ಅವರ ಮನೆಗೂ ಕಡುಬು ಹೋಗುತ್ತದೆ. ಆದರೆ ಸೀಗಿ ಹುಣ್ಣಿಮೆ ಇನ್ನೂ ದೂರವಿತ್ತು, ಅಷ್ಟೊತ್ತಿಗೆ ಸೆಣಬು ಕೊಳೆತು ಹೋಗಿರಬೇಕಿತ್ತು. ನಾನು ಅದನ್ನೇ ಹೇಳಿದೆ.

"ಹುಣ್ಣಿಮಿ ಇನ್ನೂ ಬಂದಿಲ್ಲ ದೊಡ್ಡವ್ವಾ."

"ಬಸರು ಹುಣ್ಣಿಮಿ ನೋಡ್ಕೊಂಡ ಆಗತೈತೇನ ಯವ್ವಾ?"

ಹೀಗೆ ಶ್ರಾವಣದ ಹೊಸ್ತಿಲಲ್ಲಿ, ಪಂಚಾಂಗದ ಅಪ್ಪಣೆ ಇಲ್ಲದೆ, ಗೊಬ್ಬರಕ್ಕೆಂದು ಬಿತ್ತಿದ ಸೆಣಬಿಗೆ ಕುಬಸ ಮಾಡುವುದೆಂದು ಗೊತ್ತಾಯಿತು. ಕುಬಸ ಎಂದರೆ ಚೊಚ್ಚಲ ಬಸುರಿಗೆ ಮಾಡುವ ಶಾಸ್ತ್ರ. ಹಸಿರು ಸೀರೆ, ಹಸಿರು ಬಳೆ, ಕುಪ್ಪಸದ ಖಣ, ಮತ್ತು ಹೊಟ್ಟೆ ಬಿರಿಯುವಷ್ಟು ತಿನಿಸು. ಓಣಿಯ ಹೆಂಗಸರಿಗೆ ಇದು ಎಷ್ಟು ಖುಷಿ ಕೊಟ್ಟಿತೆಂದರೆ, ಹೂಳುವುದಕ್ಕೆ ಬಿತ್ತಿದ್ದನ್ನು ಆಡಿಕೊಂಡವರೇ ಬುಟ್ಟಿ ಹೊತ್ತು ಮುಂದೆ ನಡೆದರು. ಹೋಳಿಗೆ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ. ಮೂಲೆಯ ನಾಲ್ಕು ಗಿಡಗಳನ್ನು ಒಟ್ಟು ಮಾಡಿ ದೊಡ್ಡವ್ವ ಅವಕ್ಕೆ ಹಸಿರು ಖಣ ಸುತ್ತಿದಳು. ಬಳೆ ಏರಿಸಲು ಒಬ್ಬಳು ಪ್ರಯತ್ನಿಸಿ, "ಮುಂಗೈ ಭಾಳ ಸಣ್ಣದೈತ್ರಿ ನಿಮ್ಮ ಮಗಳದು" ಎಂದಳು.

"ಗಂಡನ ಹೆಸರ ಹೇಳ ಅನ್ರಿ, ಹೇಳದ ಬಿಡಬ್ಯಾಡ್ರಿ," ಎಂದಳು ಪಕ್ಕದ ಮನೆಯವಳು. ಕುಬಸದಲ್ಲಿ ಬಸುರಿ ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕು. ಸೆಣಬು ನಾಚಿಕೊಂಡು ಸುಮ್ಮನಿತ್ತು. ಅದರ ಪರವಾಗಿ ಆಕೆಯೇ ಹೇಳಿದಳು. "ಮೋಡದ ಮ್ಯಾಲ ಕುಂತು, ಮೂರ ಹನಿ ಹಾಕಿ, ಮೋತಿ ತೋರಸದ ಓಡಿ ಹೋಗಾಂವ, ಮಳಿರಾಯ ನನ್ನ ಗಂಡ!" ಹೆಂಗಸರು ನಕ್ಕ ನಗುವಿಗೆ ಬದುವಿನ ಆಚೆ ಹೆಸರು ಕಾಯಿ ಬಿಡಿಸುತ್ತಿದ್ದ ಕಾಕಾ ಎದ್ದು ನಿಂತು ನೋಡಿದ. ಅವನಿಗೂ ಹೋಳಿಗೆ ಹೋಯಿತು. ತಿನ್ನುತ್ತಲೇ ಅಂದ, "ಕುಬಸದ ಊಟಾ ಛಲೋ ಆತ್ರಿ ವೈನಿ. ಹಡದ ಮ್ಯಾಲ ಹೇಳ್ರಿ, ತೊಟ್ಟಲಾ ನಂದ."

ಇಲ್ಲಿಯವರೆಗೆ ಎಲ್ಲ ನಗುವೇ. ನಗುತ್ತಲೇ ದಿನ ಹೋಗುತ್ತಿತ್ತು. ಪಂಚಮಿ ಹತ್ತಿರ ಬಂತು, ನಾಗಪ್ಪನಿಗೆ ಪೆಟ್ಟಾದೀತೆಂದು ಆಗ ನೆಲ ಕೆದಕುವಂತಿಲ್ಲ. ಪಂಚಮಿ ಮುಗಿಯಿತು, ಸೋಮವಾರ ಬಂತು.

"ಸೋಮವಾರ ಎತ್ತ ಹೂಡಬಾರ್ದು," ಅಂದಳು ದೊಡ್ಡವ್ವ.

"ಟ್ರ್ಯಾಕ್ಟರಿಗೂ ಸೋಮವಾರ ಐತೇನ್ರಿ ಅಕ್ಕಾರ?"

"ಯಾಕ, ನಿಮ್ಮ ಟ್ರ್ಯಾಕ್ಟರಿಗಿ ಶುಕ್ರವಾರ ಇಲ್ಲೇನು?"

"ಶುಕ್ರವಾರ ನಮಾಜಿಗೆ ಹೋಗೂದು ನಾನ್ರಿ. ಅದು ಹೊರಗ ನಿಂದರತೈತಿ."

ಟ್ರ್ಯಾಕ್ಟರ್ ನಿಂತೇ ಇತ್ತು. ಸೆಣಬು ನಿಲ್ಲಲಿಲ್ಲ. ಕಾಂಡ ಗಟ್ಟಿಯಾಯಿತು, ಕೆಳಗಿನ ಎಲೆ ಉದುರಿತು, ಅಲ್ಲೊಂದು ಇಲ್ಲೊಂದು ಕಾಯಿ ಕಟ್ಟಿ ಗಾಳಿಗೆ ಗಿಲಕಿಯ ಹಾಗೆ ಸದ್ದು ಮಾಡಲು ಹವಣಿಸುತ್ತಿತ್ತು. ಕಾಕಾ ಹೆಸರು ಬಿಡಿಸಿ ಮುಗಿಸಿ, ಒಣ ಬಳ್ಳಿಯನ್ನು ಹರಗಿ ಮಣ್ಣಿಗೆ ಸೇರಿಸಿ, ಕಡಲೆಗೆ ಹೊಲ ಹಸನು ಮಾಡಿಕೊಂಡಿದ್ದ. ನಾನು ಪ್ರತಿ ಸಲ ಊರಿಗೆ ಹೋದಾಗಲೂ ಜಗಳಕ್ಕೆ ತಯಾರಾಗಿ ಹೋಗುತ್ತಿದ್ದೆ. ಮಗುಚಿದ್ದು ಕೊಳೆಯಲು ಸಮಯ ಬೇಕು, ಕೊಳೆಯದೆ ಕಡಲೆ ಬಿತ್ತಿದರೆ ಮೊಳಕೆ ಕೆಡುತ್ತದೆ, ಕಡಲೆ ಕೆಟ್ಟರೆ ಹೊಲ ಹೋಗುತ್ತದೆ. ಇದು ಆಕೆಗೆ ಗೊತ್ತಿರಲಿಲ್ಲ ಎಂದಲ್ಲ. ನನಗಿಂತ ಚೆನ್ನಾಗಿ ಗೊತ್ತಿತ್ತು.

"ಹೊಲಾ ಕಾಕಾಗ ಕೊಡೂದ ಇದ್ರ ಹಂಗ ಹೇಳಿಬಿಡು ದೊಡ್ಡವ್ವಾ, ಸುಮ್ನ ಸೆಣಬಿನ ಮ್ಯಾಲ ಯಾಕ ಹಾಕ್ತಿ?" ಎಂದು ಒಂದು ಸಲ ಸಿಟ್ಟಿನಿಂದ ಕೇಳಿದೆ. ಆಕೆ ಚಹಾ ಸೋಸಿದಳು.

ಈಗ ಎಲ್ಲರೂ ಜಗಳವಾಡುವ ಭಾಗ. ಆಕೆಯ ಮನಸ್ಸು ತಿರುಗಿಸಿದ ಮಾತು ಒಂದಿದೆ, ಅದು ಯಾರ ಬಾಯಿಂದ ಬಂತು ಎಂಬುದು ತಿಳಿಯದು. ನನ್ನ ನೆನಪಿನಲ್ಲಿ ಅದು ಟ್ರ್ಯಾಕ್ಟರ್ ಭಾಯಿಯ ಮಾತು. ಆ ದಿನ ಅವರು ತಮ್ಮ ಮಗಳನ್ನು ಹೆರಿಗೆಗೆ ಕರೆತಂದು, ಸಿಹಿ ಹಿಡಿದು ನಮ್ಮ ಮನೆಗೆ ಬಂದಿದ್ದರು. ಕಟ್ಟೆಯ ಮೇಲೆ ಕೂತು ಹೇಳಿದ್ದು ಹೀಗೆ:

"ಅಕ್ಕಾರ, ಕುಬಸ ಮಾಡಿದ್ರಿ, ಛಲೋ ಆತು. ಕುಬಸ ಆದ ಮ್ಯಾಲ ಮಗಳನ್ನ ಎಲ್ಲಿ ಇಟ್ಕೋತಾರ್ರಿ? ಗಂಡನ ಮನ್ಯಾಗೇನು?"

"ತವರಮನಿಗಿ ಕರಕೊಂಡ ಹೋಗ್ತಾರ."

"ಸೆಣಬಿನ ತವರಮನಿ ಯಾವ್ದ್ರಿ? ಮಣ್ಣಲ್ಲೇನ್ರಿ? ಮ್ಯಾಲ ಬಿಸಲಾಗ ನಿಂದರಿಸಿ ಎಷ್ಟ ದಿನಾ ಕಾಯಸ್ತೀರಿ ಆಕೀನ?"

ಆದರೆ ಈ ಮಾತು ತಾನೇ ಹೇಳಿದ್ದು ಎಂದು ಕಾಕಾ ಆಣೆ ಮಾಡುತ್ತಾನೆ. ಗೆಲ್ಲುತ್ತಿದ್ದ ಪಂದ್ಯದಲ್ಲಿ ಅವನೇಕೆ ಎದುರಾಳಿಗೆ ದಾರಿ ತೋರಿಸಿದ ಎಂದರೆ, "ವೈನಿ ಅಳೂದು ನೋಡಾಕ ಆಗ್ಲಿಲ್ಲ" ಎನ್ನುತ್ತಾನೆ. ದೊಡ್ಡವ್ವ ಅತ್ತದ್ದನ್ನು ನಾನು ನೋಡಿಲ್ಲ. ದೊಡ್ಡವ್ವನನ್ನು ಕೇಳಿದರೆ, "ನನಗ ಯಾರ ಹೇಳಬೇಕ? ನಾನ ವಿಚಾರ ಮಾಡಿದ್ನಿ" ಎನ್ನುತ್ತಾಳೆ. ಭಾಯಿಯನ್ನು ಕೇಳಿದೆ. ಅವರು ನಕ್ಕು, "ಅಕ್ಕಾರ ಹೇಳಿದ್ದ ಖರೇ ಇರಬೇಕ್ರಿ" ಎಂದರು. ಮೂವರೂ ಒಟ್ಟಿಗೆ ಹೇಳಿರಲು ಸಾಧ್ಯವಿಲ್ಲ. ಯಾರೂ ಹೇಳಿರದೆ, ನಾನೇ ಹೀಗೆ ಬರೆಯುತ್ತ ಬರೆಯುತ್ತ ಅವರ ಬಾಯಲ್ಲಿ ಇಟ್ಟಿರುವ ಸಾಧ್ಯತೆಯೂ ಇದೆ. ಮರುದಿನ ಟ್ರ್ಯಾಕ್ಟರ್ ಹೊಲಕ್ಕಿಳಿದದ್ದಂತೂ ಸುಳ್ಳಲ್ಲ.

ಇಳಿದು ಒಂದು ಸಾಲು ಮುಗಿಸುವಷ್ಟರಲ್ಲಿ ನಿಂತಿತು. ರೋಟರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಗಿರಗಿರ ತಿರುಗುವ ಬಾಗಿದ ಬ್ಲೇಡುಗಳ ಸಾಲು. ಬಲಿತ ಸೆಣಬಿನ ನಾರು ಅದಕ್ಕೆ ಸುತ್ತಿ ಸುತ್ತಿ, ಯಾರೋ ಕೂತು ಹಗ್ಗ ಹೊಸೆದು ಬಿಗಿದಂತಾಗಿತ್ತು. ಭಾಯಿ ಕೆಳಗಿಳಿದು, ಅದರಡಿ ಮಲಗಿ, ಕುಡಗೋಲಿನಿಂದ ನಾರು ಕೊಯ್ಯುತ್ತ ಅಂದರು, "ಅಕ್ಕಾರ, ನಿಮ್ಮ ಮಗಳು ತವರಮನಿಗಿ ಒಲ್ಲೆ ಅಂತಾಳ್ರಿ. ಗಾಡೀನ ಕಟ್ಟಿ ಹಾಕ್ಯಾಳ."

"ಚೊಚ್ಚಲ ಮಗಳು," ಅಂದಳು ದೊಡ್ಡವ್ವ. "ಅಂಜ್ಯಾಳ."

ಕೊನೆಗೆ ಕುಡಗೋಲೇ ಗತಿಯಾಯಿತು. ಕುಬಸಕ್ಕೆ ಬಂದಿದ್ದ ಹೆಂಗಸರೇ ಬಂದರು. ಕಾಕಾನೂ ಬಂದ, ಬೈಯುತ್ತಲೇ ಬಂದ, ಎಲ್ಲರಿಗಿಂತ ಹೆಚ್ಚು ಕೊಯ್ದ. ಮನೆಗೆ ಒಯ್ಯಲು ಏನೂ ಇಲ್ಲದ ಸುಗ್ಗಿ ಅದು. ಕೊಯ್ದದ್ದನ್ನು ತುಂಡು ಮಾಡಿ ಅಲ್ಲೇ ಹರವಿದೆವು. ಅದು ಬಾಡಿದ ಮೇಲೆ ರೋಟರ್ ಓಡಿತು. ಹಿಂದೆಯೇ ಒಳ್ಳೆಯ ಮಳೆ ಬಿತ್ತು. ಹೊಲದಿಂದ ಕೆಲವು ದಿನ ಹುಳಿ ವಾಸನೆ ಬರುತ್ತಿತ್ತು, ದೊಡ್ಡವ್ವ ಸಂಜೆ ಹೋಗಿ ಬದುವಿನ ಮೇಲೆ ನಿಂತು ಅದನ್ನು ಮೂಸಿ ಬರುತ್ತಿದ್ದಳು. ಆ ವಾಸನೆ ಹೋದ ಮೇಲೆಯೇ ಕಡಲೆ ಬಿತ್ತಿಸಿದಳು. ಕಾಕಾನದಕ್ಕಿಂತ ತಡವಾಗಿ.

ಕಡಲೆ ಬಂತು. ಕಾಕಾನದಷ್ಟು ಎತ್ತರವಿಲ್ಲ, ಆದರೆ ಹಿಂದಿನ ವರ್ಷದ ಹಳದಿ ಮುನಿಸು ಇರಲಿಲ್ಲ, ಕುಡಿ ಚಿವುಟಿದಷ್ಟೂ ಕವಲೊಡೆಯಿತು. ಒಂದು ಮುಂಜಾನೆ ಕಾಕಾ ಬದು ದಾಟಿ ಬಂದು ಹಸಿ ಕಡಲೆಯ ಗಿಡವೊಂದನ್ನು ಕಿತ್ತು, ಬೇರಿಗಂಟಿದ ಮಣ್ಣು ಉದುರಿಸಿದ. ಮಣ್ಣು ಹೆಂಟೆಯಾಗಿ ಬೀಳಲಿಲ್ಲ, ಪುಡಿಯಾಗಿ ಬಿತ್ತು. ದೊಡ್ಡವ್ವ ನೋಡದವಳಂತೆ ನೋಡುತ್ತಿದ್ದಳು.

"ಬಂದೈತ್ರಿ ವೈನಿ."

"ಏನ್ ಬಂದೈತಿ?"

"ಕಡ್ಲಿ."

"ಕೇಳಸ್ಲಿಲ್ಲ."

"ಕಡ್ಲಿ ಬಂದೈತ್ರಿ! ಹೊಲಾ ನಿಮ್ಮದ! ಸಾಕೇನ್ರಿ?"

ಆ ಮಾತನ್ನು ಕಾಕಾ ಮತ್ತೆ ತೆಗೆದಿಲ್ಲ. ಈಗಲೂ ಮಳೆ ಬಿದ್ದ ಕೂಡಲೇ ಜನ ಕಟ್ಟೆಗೆ ಬಂದು "ಏನ್ ಬಿತ್ತೀರಿ ಈ ಸಲ" ಎಂದೇ ಆಕೆಯನ್ನು ಕೇಳುತ್ತಾರೆ.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಸೆಣಬಿನ ಗೆಲುವಿನ ಕತೆಯಾಗುತ್ತದೆ. ಹಾಗೆ ನಿಲ್ಲಿಸಲು ನನಗೆ ಧೈರ್ಯವಿಲ್ಲ. ಆ ಹಿಂಗಾರಿ ಮಳೆ ಎಲ್ಲರಿಗೂ ಚೆನ್ನಾಗಿಯೇ ಆಗಿತ್ತು. ಸೆಣಬು ಬಿತ್ತದ ಕಾಕಾನ ಹೊಲದಲ್ಲೂ ಕಡಲೆ ಚೆನ್ನಾಗಿತ್ತು. ಹೋಲಿಸಿ ನೋಡೋಣವೆಂದರೆ ಅವನು ಬಿತ್ತಿದ್ದ ಹೆಸರೂ ಅದೇ ಬೇಳೆಕಾಳಿನ ಕುಲದ್ದು, ಅದರ ಬೇರಿನಲ್ಲೂ ಗಂಟು, ಅದರ ಬಳ್ಳಿಯೂ ಮಣ್ಣಿಗೇ ಸೇರಿತ್ತು. ಏನೂ ಬಿತ್ತದೆ ಖಾಲಿ ಬಿಟ್ಟ ಹೊಲ ಹತ್ತಿರದಲ್ಲಿ ಒಂದೂ ಇರಲಿಲ್ಲ. ಮಣ್ಣು ಎದ್ದದ್ದು ಸೆಣಬಿನಿಂದಲೋ, ಮಳೆಯಿಂದಲೋ, ಒಂದು ಹಂಗಾಮು ಹತ್ತಿಯ ಕಾಟ ತಪ್ಪಿದ್ದರಿಂದಲೋ, ನನಗೆ ಗೊತ್ತಿಲ್ಲ.

ಇನ್ನೊಂದು ಇದಕ್ಕಿಂತ ಹೆಚ್ಚು ಕಾಡುತ್ತದೆ. ಸೆಣಬು ನಿಂತಿರುವ ತನಕ ಕಡಲೆ ಬಿತ್ತುವಂತಿರಲಿಲ್ಲ. ಕಡಲೆ ಬಿತ್ತುವ ತನಕ ಸೋಲುವಂತಿರಲಿಲ್ಲ. ಕುಬಸ, ಪಂಚಮಿ, ಸೋಮವಾರ ಎಂದು ಆಕೆ ಅಷ್ಟು ದಿನ ತಡೆದದ್ದು ಹೂ ಬಿಟ್ಟ ಬೆಳೆಯ ಮೇಲಿನ ಮರುಕದಿಂದಲೋ, ಹೊಲ ಹೋದೀತೆಂಬ ಅಂಜಿಕೆಯಿಂದಲೋ? ಮೊನ್ನೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ದೊಡ್ಡವ್ವ ಮೊರದಲ್ಲಿದ್ದ ಕಡಲೆಯಿಂದ ಕಲ್ಲು ಆರಿಸುವುದನ್ನು ನಿಲ್ಲಿಸಿ, ನಿಜವಾಗಿಯೂ ಸ್ವಲ್ಪ ಹೊತ್ತು ಯೋಚಿಸಿದಳು.

"ಖರೇ ಹೇಳ್ಲೇನ ಯವ್ವಾ? ನನಗೂ ತಿಳೀವಲ್ದು."

ನನಗೂ ತಿಳಿದಿಲ್ಲ.